ಮೊದಲ ದಿನದ ಟೈಮು

ನಮ್ಮೂರ ಹೈಸ್ಕೂಲಿನ ಈಜು ಕೋಚ್ ಕಳೆದ ನವೆಂಬರಿನಲ್ಲಿ ನಿವೃತ್ತರಾದರು. ಅವರ ಹೆಸರನ್ನು ಶಾಲೆಯ ಹಾಲ್ ಆಫ್ ಫೇಮ್‌ಗೆ, ಅಂದರೆ ಸಾಧಕರ ಗೌರವ ಪಟ್ಟಿಗೆ, ಸೂಚಿಸಬೇಕು ಅಂತ ನಾವು ಕೆಲವು ಪೋಷಕರು ಮಾತಾಡಿಕೊಂಡೆವು. ಅರ್ಜಿ ತುಂಬುವ ಕೆಲಸ ನನ್ನ ಪಾಲಿಗೆ ಬಂತು. ಎರಡೇ ಪುಟದ ಅರ್ಜಿ. ಮುಗಿಸುವ ಹೊತ್ತಿಗೆ ಚಳಿಗಾಲವೇ ಮುಗಿದಿತ್ತು.

ನಾವಿರುವುದು ಮಿಷಿಗನ್‌ನಲ್ಲಿ, ಡೆಟ್ರಾಯಿಟ್ ಹತ್ತಿರದ ಒಂದು ಊರಿನಲ್ಲಿ. ಕಾರು ಕಂಪನಿಗಳ ಕೆಲಸಕ್ಕೆ ಬಂದು ನೆಲೆಸಿದ ಕನ್ನಡದ ಮನೆಗಳು ಈ ಕಡೆ ಸಾಕಷ್ಟಿವೆ. ನನ್ನ ಮಗಳು ಒಂಬತ್ತನೇ ಕ್ಲಾಸಿನಲ್ಲಿ ಈಜು ತಂಡ ಸೇರಿದಳು. ಇಲ್ಲಿ ಹೈಸ್ಕೂಲಿನ ಹುಡುಗಿಯರ ಈಜು ಸೀಸನ್ ಆಗಸ್ಟಿನಲ್ಲಿ ಶುರುವಾಗಿ ನವೆಂಬರಿಗೆ ಮುಗಿಯುತ್ತದೆ. ಹುಡುಗರದು ಅದಾದ ಮೇಲೆ, ಚಳಿಗಾಲದಲ್ಲಿ. ನಮ್ಮ ಕೋಚ್ ಬಹಳ ವರ್ಷ ಎರಡೂ ತಂಡ ನೋಡಿಕೊಂಡವರು. ಅದಕ್ಕೂ ಮೊದಲು ಕಾಲೇಜಿನಲ್ಲಿ ಕೋಚ್ ಆಗಿದ್ದವರು. 1970ರ ದಶಕದ ಕೊನೆಯಿಂದ ಲೆಕ್ಕ ಹಾಕಿದರೆ ನಾಲ್ಕು ದಶಕಕ್ಕಿಂತ ಜಾಸ್ತಿ ಕಾಲ ಪೂಲ್ ಪಕ್ಕದಲ್ಲೇ ಕಳೆದಿದ್ದಾರೆ.

ಅರ್ಜಿ ನನಗೆ ಬರೋಕೆ ಕಾರಣ ನಾನು ಟೈಮರ್ ಆಗಿದ್ದದ್ದು. ಪ್ರತಿ ಮೀಟ್‌ನಲ್ಲೂ ಒಂದೊಂದು ಲೇನಿನ ತುದಿಯಲ್ಲಿ ಸ್ಟಾಪ್‌ವಾಚ್ ಹಿಡಿದು ನಿಲ್ಲುವ ಪೋಷಕರು ಬೇಕು. ಗೋಡೆಯಲ್ಲಿ, ಮುಟ್ಟಿದ ಕೂಡಲೇ ಟೈಮು ಹಿಡಿಯುವ ಟಚ್‌ಪ್ಯಾಡ್ ಇದ್ದರೂ ಕೈಯಲ್ಲಿ ಹಿಡಿದ ವಾಚಿನ ಟೈಮು ಇರಲೇಬೇಕು, ಯಂತ್ರ ಕೈಕೊಟ್ಟರೆ ಅದೇ ಆಸರೆ. ಮಗಳು ಕಾಲೇಜಿಗೆ ಹೋದ ಮೇಲೂ ನಾನು ಹೋಗುತ್ತಲೇ ಇದ್ದೆ. ನನಗೆ ಈಜು ಬರುವುದಿಲ್ಲ. ತಿಪಟೂರು ಕಡೆಯ ನಮ್ಮ ಹಳ್ಳಿಯಲ್ಲಿ ಹುಡುಗರು ಸೊಂಟಕ್ಕೆ ಬೆಂಡು ಕಟ್ಟಿಕೊಂಡು ತೋಟದ ಬಾವಿಗೆ ಹಾರುತ್ತಿದ್ದರು. ನಾವು ಹುಡುಗಿಯರು ಮೇಲೆ ನಿಂತು ನೋಡುತ್ತಿದ್ದೆವು. ಯಾರೂ ಬೇಡ ಅಂತ ಹೇಳಿರಲಿಲ್ಲ, ಬಾ ಅಂತಲೂ ಕರೆದಿರಲಿಲ್ಲ.

ಅರ್ಜಿಯಲ್ಲಿ ಕೇಳಿದ್ದು ಇಷ್ಟು: ಗೆದ್ದ ಮತ್ತು ಸೋತ ಡ್ಯುಯಲ್ ಮೀಟ್‌ಗಳ ಸಂಖ್ಯೆ, ಲೀಗ್ ಚಾಂಪಿಯನ್‌ಶಿಪ್‌ಗಳು, ರಾಜ್ಯ ಮಟ್ಟಕ್ಕೆ ಹೋದವರು, ಬಂದ ಪ್ರಶಸ್ತಿಗಳು. ಕೊನೆಯಲ್ಲಿ 'ಹೆಚ್ಚಿನ ಮಾಹಿತಿ' ಅಂತ ನಾಲ್ಕು ಗೆರೆಯ ಜಾಗ. ಡ್ಯುಯಲ್ ಮೀಟ್ ಅಂದರೆ ಎರಡೇ ಶಾಲೆಗಳ ನಡುವಿನ ಸ್ಪರ್ಧೆ. ಶಾಲೆಯ ಕಚೇರಿಯಲ್ಲಿ ಕೇಳಿದೆ. ಹತ್ತು ಹನ್ನೆರಡು ವರ್ಷದ ಹಿಂದಿನದು ಕಂಪ್ಯೂಟರಿನಲ್ಲಿ ಇಲ್ಲ ಅಂದರು. ಹಾಗಾಗಿ ಕೋಚ್ ಮನೆಗೇ ಹೋದೆ.

ಅವರಿಗೆ ಈ ಅರ್ಜಿಯ ಬಗ್ಗೆ ಅಂಥ ಆಸೆಯೇನೂ ಇರಲಿಲ್ಲ. ಬೇಡ ಅಂತಲೂ ಅನ್ನಲಿಲ್ಲ. ಬೇಸ್‌ಮೆಂಟಿಗೆ ಕರೆದುಕೊಂಡು ಹೋಗಿ ಒಂದು ಕಪಾಟು ತೋರಿಸಿದರು. ತುಂಬಾ ಸ್ಪೈರಲ್ ನೋಟ್‌ಬುಕ್‌ಗಳು. ಒಂದೊಂದು ಸೀಸನ್‌ಗೆ ಒಂದೊಂದು. ಕೆಲವು ನೀರು ಕುಡಿದು ಉಬ್ಬಿದ್ದವು. ಹಳೆಯವುಗಳನ್ನು ತೆರೆದರೆ ಇವತ್ತಿಗೂ ಕ್ಲೋರಿನ್ ವಾಸನೆ.

"ಗೆಲುವು ಸೋಲು ಎಲ್ಲ ಕೊನೆಯ ಪುಟದಲ್ಲಿದೆ," ಅಂದರು. "ಮೊದಲ ಪುಟ ನೋಡಿ ಮೊದಲು."

ಮೊದಲ ಪುಟದಲ್ಲಿ ತಂಡದ ಎಲ್ಲರ ಹೆಸರು. ಪಕ್ಕದಲ್ಲಿ ಎರಡು ಅಂಕಣ. ಒಂದರಲ್ಲಿ ಸೀಸನ್‌ನ ಮೊದಲ ದಿನ 50 ಗಜ ಈಜಲು ತೆಗೆದುಕೊಂಡ ಟೈಮು. ಇನ್ನೊಂದರಲ್ಲಿ ಕೊನೆಯ ವಾರದ ಟೈಮು. ತಂಡದ ಅತಿ ವೇಗದ ಹುಡುಗಿಯಿಂದ ಹಿಡಿದು, ಅರ್ಧದಲ್ಲಿ ಲೇನಿನ ಹಗ್ಗ ಹಿಡಿದು ನಿಂತವಳವರೆಗೆ ಎಲ್ಲರದೂ ಇತ್ತು. ಮುಗಿಸಲಾಗದವರ ಹೆಸರಿನ ಮುಂದೆ ಎಷ್ಟು ದೂರ ಹೋದಳು ಅಂತ ಬರೆದಿದ್ದರು. ಅದನ್ನು ಬಿಟ್ಟು ಗೆಲುವಿನ ಪುಟಕ್ಕೆ ಹೋಗಲು ನನಗೆ ಮನಸ್ಸಾಗಲಿಲ್ಲ. ಅರ್ಜಿಗೆ ಬೇಕಾದ್ದು ಕೊನೆಯ ಪುಟ, ಆದರೆ ಕೋಚ್ ಏನು ಅನ್ನುವುದು ಇದ್ದದ್ದು ಮೊದಲ ಪುಟದಲ್ಲಿ.

ಮೊದಲ ನೋಟ್‌ಬುಕ್ ಕಾಲೇಜಿನ ಕಾಲದ್ದು. ಅದನ್ನು ಓದುತ್ತಾ ಅವರ ಕತೆಯನ್ನೂ ಕೇಳಿದೆ. ಅವರು ಹೈಸ್ಕೂಲಿನಲ್ಲಿದ್ದಾಗ ಆ ಶಾಲೆಯಲ್ಲಿ ಹುಡುಗಿಯರ ಈಜು ತಂಡವೇ ಇರಲಿಲ್ಲ. ಹುಡುಗರ ಅಭ್ಯಾಸ ಮುಗಿದ ಮೇಲೆ ಪೂಲ್ ಖಾಲಿಯಿದ್ದರೆ ಈಜಬಹುದಿತ್ತು, ಅಷ್ಟೇ. 1972ರಲ್ಲಿ ಟೈಟಲ್ ನೈನ್ ಕಾನೂನು ಬಂತು. ಸರ್ಕಾರದ ಹಣ ಪಡೆಯುವ ಯಾವ ಶಾಲೆ ಕಾಲೇಜೂ ಹೆಣ್ಣು ಗಂಡು ಅಂತ ಭೇದ ಮಾಡುವಂತಿಲ್ಲ ಅಂತ ಅದು ಹೇಳಿತು. ಆಟದ ಬಗ್ಗೆ ಅಂತಲೇ ಬರೆದ ಕಾನೂನಲ್ಲ ಅದು. ಆದರೆ ಆಟದ ಮೈದಾನಗಳನ್ನೇ ಹೆಚ್ಚು ಬದಲಾಯಿಸಿತು. ಇವರು ಕಾಲೇಜಿಗೆ ಹೋಗುವ ಹೊತ್ತಿಗೆ ಹುಡುಗಿಯರ ತಂಡಗಳು ಹುಟ್ಟುತ್ತಿದ್ದವು. ಇವರೂ ಈಜಿದರು. ಓದು ಮುಗಿಯುತ್ತಲೇ ಒಂದು ಚಿಕ್ಕ ಕಾಲೇಜಿನಲ್ಲಿ ಹೆಣ್ಣುಮಕ್ಕಳ ತಂಡಕ್ಕೆ ಕೋಚ್ ಆದರು.

ಆಗ ಹೆಣ್ಣುಮಕ್ಕಳ ಕಾಲೇಜು ಕ್ರೀಡೆಯನ್ನು ಎಐಎಡಬ್ಲ್ಯೂ ಅನ್ನುವ ಬೇರೆ ಸಂಸ್ಥೆ ನಡೆಸುತ್ತಿತ್ತು. ಗಂಡಸರ ಕಾಲೇಜು ಕ್ರೀಡೆ ನೋಡಿಕೊಳ್ಳುತ್ತಿದ್ದ ಎನ್‌ಸಿಎಎ ಹೆಣ್ಣುಮಕ್ಕಳ ಈಜಿಗೆ ಮೊದಲ ಚಾಂಪಿಯನ್‌ಶಿಪ್ ನಡೆಸಿದ್ದು 1982ರಲ್ಲಿ. ಅದೇ ಸುಮಾರಿಗೆ ಎಐಎಡಬ್ಲ್ಯೂ ಮುಚ್ಚಿಹೋಯಿತು. ಆ ವರ್ಷಗಳ ನೋಟ್‌ಬುಕ್‌ನಲ್ಲಿ ಈಜಿನ ಲೆಕ್ಕಕ್ಕಿಂತ ದುಡ್ಡಿನ ಲೆಕ್ಕ ಜಾಸ್ತಿ. ವ್ಯಾನಿನ ಪೆಟ್ರೋಲು, ಒಂದು ರೂಮಿನಲ್ಲಿ ಎಷ್ಟು ಜನ, ಊಟಕ್ಕೆ ತಲೆಗೆ ಎಷ್ಟು. ವ್ಯಾನ್ ಓಡಿಸುತ್ತಿದ್ದವರೂ ಅವರೇ. ಹಗಲು ಹೊತ್ತು ಕಾಲೇಜಿನಲ್ಲಿ ಈಜು ಬಾರದ ವಿದ್ಯಾರ್ಥಿಗಳಿಗೆ ಕಲಿಸುವ ಕ್ಲಾಸು, ಲೈಫ್‌ಗಾರ್ಡ್ ಕ್ಲಾಸು. ಸಂಜೆ ತಂಡ.

ಊರಿನ ಹೈಸ್ಕೂಲಿಗೆ ಪೂಲ್ ಇರಲಿಲ್ಲ. ಕಾಲೇಜಿನ ಪೂಲನ್ನೇ ಬಾಡಿಗೆಗೆ ತೆಗೆದುಕೊಳ್ಳುತ್ತಿದ್ದರು. ಹೈಸ್ಕೂಲಿಗೆ ಕೋಚ್ ಸಿಗದೆ ಒಂದು ವರ್ಷ ಇವರನ್ನು ಕೇಳಿದರು, ಹೇಗೂ ಅಲ್ಲೇ ಇರುತ್ತೀರಲ್ಲ ಅಂತ. ಹಾಗೆ ಎರಡೂ ಕೆಲಸ ಕೂಡಿಕೊಂಡವು. ಬೆಳಿಗ್ಗೆ ಐದೂವರೆಗೆ ಕಾಲೇಜಿನವರು, ಮಧ್ಯಾಹ್ನ ಮೂರಕ್ಕೆ ಹೈಸ್ಕೂಲಿನವರು, ಸಂಜೆ ಮತ್ತೆ ಕಾಲೇಜಿನವರು. ಜನವರಿಯ ಮಿಷಿಗನ್ ಅಂದರೆ ಗೊತ್ತಲ್ವಾ? ಪೂಲಿನಿಂದ ಕಾರಿಗೆ ನಡೆಯುವಷ್ಟರಲ್ಲಿ ಒದ್ದೆ ಕೂದಲು ಕಡ್ಡಿ ಥರ ಗಟ್ಟಿಯಾಗುತ್ತದೆ. ಹೈಸ್ಕೂಲ್ ಕೋಚ್‌ಗೆ ಸಿಗುವುದು ಸಂಬಳವಲ್ಲ, ಸೀಸನ್‌ಗೆ ಇಷ್ಟು ಅಂತ ಒಂದು ಗೌರವಧನ. ಗಂಟೆಗೆ ಎಷ್ಟಾಯಿತು ಅಂತ ಅವರು ಯಾವತ್ತೂ ಲೆಕ್ಕ ಹಾಕಿದವರಲ್ಲ. ನಾನು ಹಾಕಿ ನೋಡಿದೆ, ಆಮೇಲೆ ಆ ಚೀಟಿ ಹರಿದು ಹಾಕಿದೆ.

ನೋಟ್‌ಬುಕ್‌ಗಳಲ್ಲಿ ಈಜು ಬದಲಾದದ್ದು ಕಾಣುತ್ತದೆ. 1970ರ ದಶಕದಲ್ಲಿ ಗಾಗಲ್ಸ್ ಎಲ್ಲ ಕಡೆ ಬಂದವು. ಅದಕ್ಕೆ ಮೊದಲು ಕ್ಲೋರಿನ್‌ಗೆ ಕಣ್ಣು ಉರಿದು ಮಕ್ಕಳು ಜಾಸ್ತಿ ಹೊತ್ತು ಅಭ್ಯಾಸ ಮಾಡುವ ಹಾಗಿರಲಿಲ್ಲ. ಕಣ್ಣು ಉಳಿದ ಮೇಲೆ ದಿನಕ್ಕೆ ಈಜುವ ದೂರ ಏರಿತು. ಒಂದು ಕಡೆ ಬ್ಯಾಕ್‌ಸ್ಟ್ರೋಕ್ ತಿರುವಿನ ಚಿತ್ರ ಬಿಡಿಸಿದ್ದರು. ಮೊದಲೆಲ್ಲ ಅಂಗಾತ ಇದ್ದುಕೊಂಡೇ ಕೈಯಿಂದ ಗೋಡೆ ಮುಟ್ಟಿ ತಿರುಗಬೇಕಿತ್ತು. 1991ರಲ್ಲಿ ಅಂತಾರಾಷ್ಟ್ರೀಯ ನಿಯಮ ಬದಲಾಗಿ, ಗೋಡೆ ಹತ್ತಿರ ಬೋರಲಾಗಿ ಮಗುಚಿ ಲಾಗ ಹಾಕಿ ಕಾಲಿನಿಂದ ಗೋಡೆ ಒದೆಯಬಹುದು ಅಂತಾಯಿತು. ಚಿತ್ರದ ಕೆಳಗೆ 'ಎಲ್ಲರಿಗೂ ಮೊದಲಿನಿಂದ ಕಲಿಸಬೇಕು' ಅಂತ ಬರೆದಿದ್ದಾರೆ. ಚೆನ್ನಾಗಿ ಬರುತ್ತಿದ್ದವರಿಗೂ ಮೊದಲಿನಿಂದಲೇ.

1990ರ ದಶಕದ ಪುಟಗಳಲ್ಲಿ ಬಣ್ಣಗಳ ಹೆಸರು ಕಾಣಿಸಿಕೊಳ್ಳುತ್ತವೆ. ಬಿಳಿ, ತಿಳಿಗೆಂಪು, ಕೆಂಪು, ನೀಲಿ, ನೇರಳೆ. ಅದೇನು ಅಂತ ಕೇಳಿದೆ. ಮಿಷಿಗನ್ ವಿಶ್ವವಿದ್ಯಾಲಯದ ಕೋಚ್ ಜಾನ್ ಅರ್ಬನ್‌ಚೆಕ್ ಅವರ ಪದ್ಧತಿಯಂತೆ. ಹಂಗೆರಿಯಿಂದ ಬಂದವರು. ಕ್ಯಾಲಿಫೋರ್ನಿಯಾದ ಅನಹೈಮ್‌ನಲ್ಲಿ ಹೈಸ್ಕೂಲ್ ಮಕ್ಕಳಿಗೆ ಕಲಿಸುತ್ತಿದ್ದವರು, 1982ರಿಂದ 2004ರವರೆಗೆ ಇಲ್ಲಿ ಆನ್ ಆರ್ಬರ್‌ನಲ್ಲಿದ್ದರು. 1995ರಲ್ಲಿ ಅವರ ತಂಡ ಎನ್‌ಸಿಎಎ ಗೆದ್ದಿತು. ಒಂದೊಂದು ಬಣ್ಣ ಒಂದೊಂದು ವೇಗ. ಬಿಳಿ ಅಂದರೆ ಹಗುರ, ನೇರಳೆ ಅಂದರೆ ಅತಿ ಕಷ್ಟ. ಪ್ರತಿಯೊಬ್ಬರ ಬಣ್ಣದ ಟೈಮು ಅವರವರದೇ ಪರೀಕ್ಷೆಯಿಂದ ಬರುತ್ತದೆ. ನಿಮ್ಮ ಕೆಂಪು ಬೇರೆ, ನನ್ನ ಕೆಂಪು ಬೇರೆ. ನಮ್ಮ ಕೋಚ್‌ಗೆ ಹಿಡಿಸಿದ್ದೇ ಅದು. ಒಲಿಂಪಿಕ್ಸ್‌ಗೆ ಹೋಗುವವರಿಗಾಗಿ ಇದ್ದ ಲೆಕ್ಕವನ್ನು ಅವರು ಒಂಬತ್ತನೇ ಕ್ಲಾಸಿನ ಹುಡುಗಿಯರಿಗೆ ಹೊಂದಿಸಿದರು. ಆರೂ ಲೇನಿನವರು ಒಂದೇ ಹೊತ್ತಿಗೆ ಕೆಂಪು ಈಜುತ್ತಿದ್ದರು, ಆರು ಬೇರೆ ಬೇರೆ ವೇಗದಲ್ಲಿ.

ಕಾಲೇಜಿನ ನೋಟ್‌ಬುಕ್ ಒಂದು ವರ್ಷ ಇದ್ದಕ್ಕಿದ್ದಂತೆ ನಿಲ್ಲುತ್ತದೆ. ಖರ್ಚು ಕಡಿಮೆ ಮಾಡಲು ಕಾಲೇಜು ಈಜು ತಂಡವನ್ನೇ ತೆಗೆದುಹಾಕಿತು. ಅಮೆರಿಕದಲ್ಲಿ ಇದು ಹೊಸದಲ್ಲ. ಲಾಸ್ ಏಂಜಲೀಸ್‌ನ ವಿಶ್ವವಿದ್ಯಾಲಯ ಯುಸಿಎಲ್‌ಎ 1994ರಲ್ಲಿ ಗಂಡಸರ ಈಜು ತಂಡ ನಿಲ್ಲಿಸಿತು. ನಮ್ಮ ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯ 2020ರಲ್ಲಿ ಗಂಡಸರದು ಹೆಂಗಸರದು ಎರಡೂ ನಿಲ್ಲಿಸುವುದಾಗಿ ಹೇಳಿತು. ಪೂಲ್ ಬಿಸಿ ಇಡುವುದಕ್ಕೆ ಖರ್ಚು ಜಾಸ್ತಿ, ಟಿಕೆಟ್ ದುಡ್ಡು ಬರುವುದಿಲ್ಲ. ಲೆಕ್ಕ ನನಗೂ ಅರ್ಥವಾಗುತ್ತದೆ. ಆದರೆ ಆ ಕೊನೆಯ ನೋಟ್‌ಬುಕ್ ನೋಡಿದರೆ ಹೊಟ್ಟೆ ಉರಿಯುತ್ತದೆ. ಸುದ್ದಿ ಗೊತ್ತಾದ ಮರುದಿನವೂ ಬೆಳಿಗ್ಗೆಯ ಅಭ್ಯಾಸ ಪೂರ್ತಿ ಬರೆದಿದ್ದಾರೆ. ಉಳಿದ ವಾರಗಳ ಒಂದು ದಿನವೂ ತಪ್ಪಿಲ್ಲ. ಕೊನೆಯ ಪುಟಗಳಲ್ಲಿ ಯಾವ ಹುಡುಗಿ ಯಾವ ಕಾಲೇಜಿಗೆ ವರ್ಗ ತೆಗೆದುಕೊಳ್ಳಬಹುದು, ಯಾರಿಗೆ ಫೋನ್ ಮಾಡಬೇಕು ಅಂತ ಪಟ್ಟಿ ಇದೆ. ತಮಗೆ ಬೇರೆ ಕಾಲೇಜಿನಿಂದ ಕರೆ ಬಂದರೂ ಅವರು ಹೋಗಲಿಲ್ಲ. ಹೈಸ್ಕೂಲಿನಲ್ಲೇ ಗಣಿತ ಮೇಷ್ಟ್ರ ಕೆಲಸ ಹಿಡಿದರು. ಇಪ್ಪತ್ತೈದು ಗಜದ ಹೊಸ ಪೂಲ್ ಕಟ್ಟಲು ಊರಿನವರನ್ನು ಒಪ್ಪಿಸಿದರು. ಅಲ್ಲೇ ಉಳಿದರು.

ಗೆಲುವಿನ ಲೆಕ್ಕ ತಾಳೆ ನೋಡಲು ಊರ ಲೈಬ್ರರಿಗೆ ಹೋದೆ. ಹಳೆಯ ಸ್ಥಳೀಯ ಪತ್ರಿಕೆಗಳು ಮೈಕ್ರೋಫಿಲ್ಮ್‌ನಲ್ಲಿವೆ. ಆ ಯಂತ್ರದ ಗಿರಕಿ ತಿರುಗಿಸುತ್ತಾ ಕೂತರೆ ಕಣ್ಣು ನೋಯುತ್ತದೆ. ಹುಡುಗಿಯರ ಈಜಿನ ಫಲಿತಾಂಶ, ಚೆಂಡು ಉರುಳಿಸಿ ಗೂಟ ಬೀಳಿಸುವ ಬೌಲಿಂಗ್ ಆಟದ ಫಲಿತಾಂಶದ ಕೆಳಗೆ ಸಣ್ಣ ಅಕ್ಷರದಲ್ಲಿ. ಅಲ್ಲಿ ಒಂದು ವಿಷಯ ನನಗೆ ವಿಚಿತ್ರ ಅನ್ನಿಸಿತು. ಗೆದ್ದ ಮೀಟ್‌ಗಳೆಲ್ಲ ತೀರಾ ಹತ್ತಿರ ಹತ್ತಿರ. 98-88, 96-90, ಹೀಗೆ. ಆ ವರ್ಷಗಳಲ್ಲಿ ತಂಡ ಬಹಳ ಬಲವಾಗಿತ್ತು ಅಂತ ಎಲ್ಲರೂ ಹೇಳುತ್ತಾರೆ, ಹಾಗಿದ್ದರೆ ಅಂತರ ಇಷ್ಟು ಕಡಿಮೆ ಯಾಕೆ?

ಉತ್ತರ ನೋಟ್‌ಬುಕ್‌ನಲ್ಲೇ ಇತ್ತು. ಆರು ಲೇನಿನ ಪೂಲಿನಲ್ಲಿ ಒಬ್ಬೊಬ್ಬರೇ ಈಜುವ ಸ್ಪರ್ಧೆಗೆ 6, 4, 3, 2, 1 ಅಂತ ಅಂಕ. ರಿಲೇಗೆ 8, 4, 2. ಡೈವಿಂಗ್ ಸೇರಿ ಹನ್ನೆರಡು ಸ್ಪರ್ಧೆ, ಒಟ್ಟು 186 ಅಂಕ. 94 ಬಂದರೆ ಗೆದ್ದ ಹಾಗೆ. ತಂಡ 94 ದಾಟಿದ ಕೂಡಲೇ ಕೋಚ್ ಉಳಿದ ಸ್ಪರ್ಧೆಗಳಲ್ಲಿ ತಮ್ಮ ಮಕ್ಕಳನ್ನು 'ಎಕ್ಸಿಬಿಷನ್' ಅಂತ ಘೋಷಿಸುತ್ತಿದ್ದರು. ಅಂದರೆ ಈಜುತ್ತಾರೆ, ಟೈಮು ಸಿಗುತ್ತದೆ, ಅಂಕ ಮಾತ್ರ ಲೆಕ್ಕಕ್ಕಿಲ್ಲ. ಆ ಅಂಕ ಎದುರು ತಂಡದವರಿಗೆ ಹೋಗುತ್ತದೆ. ಬಹಳ ಕೋಚ್‌ಗಳು ಇದನ್ನು ಮಾಡುತ್ತಾರೆ, ಎದುರಿನ ಮಕ್ಕಳ ಮರ್ಯಾದೆ ಉಳಿಸಲು. ನಮ್ಮ ಕೋಚ್ ಇನ್ನೊಂದು ಹೆಜ್ಜೆ ಹೋಗುತ್ತಿದ್ದರು. ಆ ಹೊತ್ತಿಗೆ ವೇಗದವರನ್ನು ಕೂರಿಸಿ, ಯಾವತ್ತೂ ಮೀಟ್‌ನಲ್ಲಿ ಬಟರ್‌ಫ್ಲೈ ಈಜದವರನ್ನು ನೀರಿಗೆ ಹಾರುವ ಬ್ಲಾಕ್ ಮೇಲೆ ಹತ್ತಿಸುತ್ತಿದ್ದರು. ಪತ್ರಿಕೆಯಲ್ಲಿ ಅದು ಕಷ್ಟದ ಗೆಲುವಾಗಿ ಕಾಣುತ್ತದೆ.

ಈಜು ಲೋಕದಲ್ಲಿ ದೊಡ್ಡ ಲೆಕ್ಕಗಳಿವೆ. ವಾಷಿಂಗ್ಟನ್ ರಾಜ್ಯದ ಟಕೋಮಾ ಊರಿನ ವಿಲ್ಸನ್ ಹೈಸ್ಕೂಲಿನಲ್ಲಿ ಡಿಕ್ ಹನ್ನುಲಾ ಸತತ 24 ಬಾರಿ ರಾಜ್ಯ ಚಾಂಪಿಯನ್‌ಶಿಪ್ ಗೆಲ್ಲಿಸಿದರು. ಟೆಕ್ಸಾಸ್ ವಿಶ್ವವಿದ್ಯಾಲಯದಲ್ಲಿ ಎಡ್ಡಿ ರೀಸ್ 15 ಎನ್‌ಸಿಎಎ ಪ್ರಶಸ್ತಿ ತಂದರು. ಇಂಡಿಯಾನಾದ ಜೇಮ್ಸ್ ಕೌನ್ಸಿಲ್‌ಮನ್ ನೀರಿನೊಳಗೆ ಕ್ಯಾಮೆರಾ ಇಟ್ಟು ಈಜುವ ಕೈಯ ಚಲನೆ ಅಭ್ಯಾಸ ಮಾಡಿದವರು. 1968ರಿಂದ 1973ರವರೆಗೆ ಸತತ ಆರು ಬಾರಿ ಅವರ ತಂಡ ಎನ್‌ಸಿಎಎ ಗೆದ್ದಿತು. 58ನೇ ವಯಸ್ಸಿನಲ್ಲಿ ಅವರೇ ಇಂಗ್ಲಿಷ್ ಕಾಲುವೆ ಈಜಿ ದಾಟಿದರು. ಇವರೆಲ್ಲರ ಬಗ್ಗೆ ನಮ್ಮ ಕೋಚ್‌ಗೆ ಅಪಾರ ಗೌರವ, ಅವರಿಂದ ಕಲಿತದ್ದನ್ನು ಹೆಸರು ಹಾಕಿ ಬರೆದಿಟ್ಟಿದ್ದಾರೆ. ಆದರೆ ಅರ್ಜಿ ಕೇಳುವ ಥರದ ಲೆಕ್ಕದಲ್ಲಿ ಇವರದು ಸಾಧಾರಣ. ಕೆಲವು ಲೀಗ್ ಪ್ರಶಸ್ತಿ, ಅಲ್ಲೊಬ್ಬರು ಇಲ್ಲೊಬ್ಬರು ರಾಜ್ಯ ಮಟ್ಟದ ಫೈನಲ್. ಅದನ್ನಷ್ಟೇ ಬರೆದು ಕೊಟ್ಟರೆ ಸಮಿತಿ ಪಕ್ಕಕ್ಕೆ ಇಡುತ್ತಿತ್ತು.

ನನ್ನ ಮಗಳ ವಿಷಯ ಹೇಳುತ್ತೇನೆ. ಮೊದಲ ದಿನ 50 ಗಜಕ್ಕೆ 58 ಸೆಕೆಂಡ್ ತೆಗೆದುಕೊಂಡವಳು. ತಂಡದಲ್ಲಿ ಚೆನ್ನಾಗಿ ಈಜುವವರು 26ಕ್ಕೆ ಮುಗಿಸುತ್ತಿದ್ದರು. ಇಲ್ಲಿ ಬಹಳ ಶಾಲೆಗಳಲ್ಲಿ ಈಜು ತಂಡದಿಂದ ಯಾರನ್ನೂ ತೆಗೆಯುವುದಿಲ್ಲ, ಆದರೆ ಉಳಿಸಿಕೊಳ್ಳುವುದು ಬೇರೆ, ನೋಡಿಕೊಳ್ಳುವುದು ಬೇರೆ. ಎರಡನೇ ತಿಂಗಳಲ್ಲಿ ಕೋಚ್ ಅವಳನ್ನು 500 ಗಜದ ಫ್ರೀಸ್ಟೈಲ್‌ಗೆ ಹಾಕಿದರು. ಪೂಲಿನ ಇಪ್ಪತ್ತು ಉದ್ದ. ಎಷ್ಟನೆಯದು ಅಂತ ಈಜುವವರಿಗೆ ತಿಳಿಯಲು ಗೆಳತಿಯೊಬ್ಬಳು ಆ ತುದಿಯಲ್ಲಿ ಕೂತು ಅಂಕಿ ಬರೆದ ಫಲಕವನ್ನು ನೀರಿಗೆ ಅದ್ದುತ್ತಾಳೆ. ಉಳಿದ ಐವರೂ ಮುಗಿಸಿ ಉಸಿರು ತೆಗೆದುಕೊಳ್ಳುತ್ತಿದ್ದರು, ಇವಳಿಗೆ ಇನ್ನೂ ಐದು ಉದ್ದ ಬಾಕಿ. ನಾನು ಅವಳದೇ ಲೇನಿನಲ್ಲಿ ವಾಚ್ ಹಿಡಿದಿದ್ದೆ. ನಿಲ್ಲಿಸಿಬಿಡು ಪುಟ್ಟಿ ಅಂತ ನನ್ನ ಮನಸ್ಸು. ಕೋಚ್ ಪೂಲಿನ ಅಂಚಿನಲ್ಲಿ ಅವಳ ಜೊತೆಗೇ ನಡೆಯುತ್ತಿದ್ದರು. ಆಚೆ ಹೋದರೆ ಆಚೆ, ಈಚೆ ಬಂದರೆ ಈಚೆ. ಕೂಗಲಿಲ್ಲ. ಅವರ ಕಡೆ ಉಸಿರಿಗೆ ತಲೆ ತಿರುಗಿಸಿದಾಗೆಲ್ಲ ಅವಳಿಗೆ ಕಾಣುವ ಹಾಗೆ ಇದ್ದರು. ಮುಗಿದ ಮೇಲೆ ಅವರು ಹೇಳಿದ್ದು ಒಂದೇ ಮಾತು: "ಕೊನೆಯ ನೂರು ಗಜ ಅದರ ಹಿಂದಿನ ನೂರಕ್ಕಿಂತ ಬೇಗ ಈಜಿದೆ, ಗೊತ್ತಾ?" ಅವಳಿಗೆ ಗೊತ್ತಿರಲಿಲ್ಲ. ವಾಚ್ ಹಿಡಿದ ನನಗೂ ಗೊತ್ತಿರಲಿಲ್ಲ. ಅವರು ಪ್ರತಿ ಉದ್ದದ ಟೈಮು ಬರೆದುಕೊಂಡಿದ್ದರು.

ಇನ್ನೊಂದು ವಿಷಯ ನನಗೆ ನೋಟ್‌ಬುಕ್ ನೋಡಿದ ಮೇಲೆಯೇ ತಿಳಿದದ್ದು. ಸೀಸನ್ ಕೊನೆಗೆ ಟೇಪರ್ ಅಂತ ಮಾಡುತ್ತಾರೆ. ದೊಡ್ಡ ಸ್ಪರ್ಧೆಗೆ ಮೊದಲಿನ ಒಂದೆರಡು ವಾರ ಈಜುವ ದೂರ ಇಳಿಸಿ, ಮೈಗೆ ವಿಶ್ರಾಂತಿ ಕೊಟ್ಟು, ವೇಗ ಮಾತ್ರ ಉಳಿಸಿಕೊಳ್ಳುವುದು. ಮಕ್ಕಳ ಅತ್ಯುತ್ತಮ ಟೈಮು ಬರುವುದು ಆಗಲೇ. ಸಾಮಾನ್ಯವಾಗಿ ಲೀಗ್ ಮತ್ತು ರಾಜ್ಯ ಮಟ್ಟದ ತಾರೀಕು ನೋಡಿಕೊಂಡು ಟೇಪರ್ ಇಡುತ್ತಾರೆ. ಅಲ್ಲಿಗೆ ಹೋಗದ ಮಕ್ಕಳ ಸೀಸನ್ ಅದಕ್ಕೂ ಮೊದಲೇ, ದಣಿದ ಮೈಯಲ್ಲೇ ಮುಗಿದುಹೋಗುತ್ತದೆ. ನಮ್ಮ ಕೋಚ್ ಪ್ರತಿ ವರ್ಷ ಎರಡು ಟೇಪರ್ ಬರೆದಿದ್ದಾರೆ. ಒಂದು ರಾಜ್ಯ ಮಟ್ಟದವರಿಗೆ. ಇನ್ನೊಂದು, ಜೂನಿಯರ್ ಮೀಟ್ ಕೊನೆಯದಾಗುವ ಮಕ್ಕಳಿಗೆ, ಅವರ ತಾರೀಕಿಗೆ ತಕ್ಕ ಹಾಗೆ. ಒಬ್ಬರೇ ಕೋಚ್, ಒಂದೇ ಪೂಲ್, ಎರಡು ಯೋಜನೆ. ಇದು ಎಷ್ಟು ಕೆಲಸ ಅನ್ನುವುದು ಕೋಚ್‌ಗಳಿಗೆ ಮಾತ್ರ ಗೊತ್ತಾದೀತು. ಮಗಳು ನಾಲ್ಕನೇ ವರ್ಷದ ಕೊನೆಗೆ 31 ಸೆಕೆಂಡಿಗೆ ಬಂದಳು. ಯಾವ ಬೋರ್ಡಿನ ಮೇಲೂ ಅವಳ ಹೆಸರಿಲ್ಲ. ಆ ದಿನ ಕಾರಿನಲ್ಲಿ ಮನೆವರೆಗೂ ಒಂದೇ ಸಮನೆ ಮಾತಾಡಿದಳು.

ಹಳೆಯ ವಿದ್ಯಾರ್ಥಿಗಳಿಗೆ ಪತ್ರ ಬರೆದೆ. ಬೆಂಬಲ ಪತ್ರ ಮೂರು ಸಾಕು ಅಂತ ಅರ್ಜಿ ಹೇಳುತ್ತಿತ್ತು. ಬಂದವು ಒಂದು ಫೈಲು ತುಂಬುವಷ್ಟು. ನಾನು ಎಲ್ಲರಿಗೂ ಒಂದೇ ಪ್ರಶ್ನೆ ಕೇಳಿದ್ದೆ, ಮೊದಲ ವರ್ಷದ ಮೊದಲ ದಿನದ ಟೈಮು ನೆನಪಿದೆಯಾ ಅಂತ. ಹೆಚ್ಚಿನವರಿಗೆ ನೆನಪಿತ್ತು. ಕಾಲೇಜು ತಂಡದಲ್ಲಿದ್ದು ಈಗ ಅರವತ್ತು ದಾಟಿದ ಒಬ್ಬರು ಹತ್ತನೇ ಒಂದು ಸೆಕೆಂಡಿನವರೆಗೆ ಬರೆದು ಕಳಿಸಿದರು. ನೋಟ್‌ಬುಕ್ ತೆಗೆದು ನೋಡಿದೆ, ಸರಿಯಾಗಿತ್ತು.

ಆ ನಾಲ್ಕು ಗೆರೆಯ ಜಾಗಕ್ಕೆ ಏನು ಬರೆಯುವುದು ಅಂತ ಕೊನೆಗೆ ತೀರ್ಮಾನವಾಯಿತು. ಎಲ್ಲ ನೋಟ್‌ಬುಕ್‌ಗಳ ಮೊದಲ ಪುಟವನ್ನೂ ಎಕ್ಸೆಲ್‌ಗೆ ಹಾಕಿದೆವು. ರಜಕ್ಕೆ ಬಂದಿದ್ದ ಮಗಳು ಅರ್ಧ ಟೈಪ್ ಮಾಡಿದಳು. ಪ್ರತಿ ಹುಡುಗಿ, ಪ್ರತಿ ಹುಡುಗ, ಮೊದಲ ಟೈಮು, ಕೊನೆಯ ಟೈಮು. ಅದನ್ನು ಪ್ರಿಂಟ್ ಮಾಡಿ ಅರ್ಜಿಗೆ ಹಚ್ಚಿ, ಆ ಜಾಗದಲ್ಲಿ 'ಲಗತ್ತಿಸಿದ ಪಟ್ಟಿ ನೋಡಿ' ಅಂತ ಬರೆದೆವು. ಕೊಡುವ ಮೊದಲು ಕೋಚ್‌ಗೆ ತೋರಿಸಿದೆ. ಅವರು ಬೆರಳಿಟ್ಟು ಒಂದೊಂದೇ ಸಾಲು ಓದಿದರು. ಎರಡು ಹೆಸರಿನ ಸ್ಪೆಲ್ಲಿಂಗ್ ತಿದ್ದಿದರು. ಒಬ್ಬ ಹುಡುಗಿಯ ಕೊನೆಯ ಟೈಮು ಖಾಲಿ ಇತ್ತು, ಸೀಸನ್ ನಡುವೆ ಅವಳ ಅಪ್ಪ ತೀರಿಹೋಗಿ ಊರು ಬಿಟ್ಟರಂತೆ. "ತೆಗೆಯಬೇಡಿ, ಖಾಲಿಯೇ ಇರಲಿ," ಅಂದರು.

ಸಮಿತಿ ಏಪ್ರಿಲ್‌ನಲ್ಲಿ ಒಪ್ಪಿತು. ಫಲಕದ ಮೇಲೆ ಜಾಗ ಕಡಿಮೆ, ಲೀಗ್ ಪ್ರಶಸ್ತಿಗಳನ್ನು ಮಾತ್ರ ಕೆತ್ತಿದ್ದಾರೆ. ನನಗೆ ಅದು ಸಾಲದು ಅನ್ನಿಸಿತು, ಹೇಳಿಯೂ ಬಂದೆ. ಪಟ್ಟಿಯನ್ನು ಪೂಲಿನ ಹೊರಗಿನ ಗೋಡೆಗೆ ಚೌಕಟ್ಟು ಹಾಕಿ ನೇತುಹಾಕಲು ಒಪ್ಪಿದ್ದಾರೆ. ಈಗಿನ ಕೋಚ್ ಅವರದೇ ಹಳೆಯ ವಿದ್ಯಾರ್ಥಿನಿ. ಈ ಆಗಸ್ಟಿನಲ್ಲಿ ಮೊದಲ ದಿನದ ಟೈಮು ತೆಗೆಯಲು ನನ್ನನ್ನೂ ಕರೆದರು, ಹೋಗಿದ್ದೆ. ಹಳೆಯ ಕೋಚ್ ಬಂದಿರಲಿಲ್ಲ. ಅವರೀಗ ಶನಿವಾರ ಬೆಳಿಗ್ಗೆ ಅದೇ ಪೂಲಿನಲ್ಲಿ ದೊಡ್ಡವರಿಗೆ ಈಜು ಕಲಿಸುತ್ತಾರೆ, ನೀರಿಗೇ ಇಳಿಯದವರಿಗೆ. ನಾನು ಹೆಸರು ಬರೆಸಿದ್ದೇನೆ. ನನ್ನ ಹಾಗೆ ಬಾವಿಯ ಮೇಲೆ ನಿಂತು ನೋಡಿದ ಕನ್ನಡದ ಹೆಣ್ಣುಮಕ್ಕಳು ಈ ಕಡೆ ಬೇಕಾದಷ್ಟು ಜನ ಇದ್ದೀರಿ. ಸೆಪ್ಟೆಂಬರ್ ಬ್ಯಾಚಿನಲ್ಲಿ ಇನ್ನೂ ಜಾಗ ಇದೆ, ಬನ್ನಿ.